ಮೊಟ್ಟೆ ಬೇಯಿಸಲು ಇಡ್ಲಿ ಪಾತ್ರೆಯೇ ಸರಿ: ನನ್ನ ಅನುಭವ

ಬೆಂದ ಮೊಟ್ಟೆ ಸುಲಿಯುವಾಗ ಬಿಳಿಭಾಗ ಸಿಪ್ಪೆಯ ಜೊತೆಗೇ ಕಿತ್ತು ಬರುವುದಕ್ಕೆ ಎರಡೇ ಮುಖ್ಯ ಕಾರಣ. ಮೊಟ್ಟೆ ತೀರಾ ಹೊಸದಾಗಿರುತ್ತದೆ, ಇಲ್ಲವೇ ತಣ್ಣೀರಿನಲ್ಲಿಟ್ಟು ಒಲೆ ಹಚ್ಚಿರುತ್ತೇವೆ. ತಣ್ಣೀರಿನಿಂದ ಶುರುವಾದರೆ ಬಿಳಿ ನಿಧಾನಕ್ಕೆ ಬಿಸಿಯಾಗುತ್ತಾ, ಗಟ್ಟಿಯಾಗುವ ಹೊತ್ತಿಗೆ ಸಿಪ್ಪೆಯೊಳಗಿನ ಪೊರೆಗೆ ಅಂಟಿಕೊಂಡಿರುತ್ತದೆ. ಕುದಿಯುವ ನೀರಿಗೋ ಹಬೆಗೋ ನೇರವಾಗಿ ಇಟ್ಟರೆ ಬಿಳಿಯ ಹೊರಪದರ ತಟ್ಟನೆ ಗಟ್ಟಿಯಾಗುತ್ತದೆ, ಪೊರೆ ಸಲೀಸಾಗಿ ಬಿಡುತ್ತದೆ.

ನಾನು ಬಳಸುವುದು ಇಡ್ಲಿ ಪಾತ್ರೆ. ತಳದಲ್ಲಿ ಎರಡು ಲೋಟ ನೀರು ಹಾಕಿ ಮುಚ್ಚಳ ಮುಚ್ಚಿ, ಹಬೆ ಭರ್ತಿ ಬರುವವರೆಗೆ ಕಾಯಿಸುತ್ತೇನೆ. ಆಮೇಲೆ ಒಂದೇ ಒಂದು ತಟ್ಟೆಯ ಗುಳಿಗಳಲ್ಲಿ ಮೊಟ್ಟೆ ಇಟ್ಟು ಇಳಿಸುತ್ತೇನೆ. ಮೇಲೆ ಇನ್ನೊಂದು ತಟ್ಟೆ ಜೋಡಿಸಲು ಹೋಗಬೇಡಿ, ಎರಡರ ನಡುವಿನ ಸಂದು ಇಡ್ಲಿಗೆ ಸಾಕು, ಮೊಟ್ಟೆಗೆ ಸಾಲದು. ಇಡ್ಲಿ ಕುಕ್ಕರ್ ಆಗಿದ್ದರೆ ವೆಯ್ಟ್ ಬೇಡ. ಮಧ್ಯಮ ಉರಿಗಿಂತ ಸ್ವಲ್ಪ ಜೋರಾಗಿಟ್ಟು, ಮುಚ್ಚಳ ತೆಗೆಯದೆ 12 ನಿಮಿಷ. ಹಬೆಯಲ್ಲಿ ಮೊಟ್ಟೆಗಳು ಒಂದಕ್ಕೊಂದು ಬಡಿದುಕೊಳ್ಳುವುದಿಲ್ಲ, ಹಾಗಾಗಿ ಒಡೆಯುವುದೂ ಕಡಿಮೆ. ನೀರು ಕಡಿಮೆ ಇರುವುದರಿಂದ ಗ್ಯಾಸೂ ಉಳಿಯುತ್ತದೆ.

ಇಡ್ಲಿ ಪಾತ್ರೆ ಇಲ್ಲದವರು ನೀರಿನಲ್ಲೇ ಮಾಡಬಹುದು. ಆರು ಮೊಟ್ಟೆಗೆ ಒಂದೂವರೆ ಲೀಟರ್ ನೀರು ಕೊತಕೊತ ಕುದಿಯಲಿ. ಮೊಟ್ಟೆಯನ್ನು ಸೌಟಿನಲ್ಲಿಟ್ಟು ಒಂದೊಂದಾಗಿ ಇಳಿಸಿ, ಮೇಲಿನಿಂದ ಹಾಕಿದರೆ ತಳಕ್ಕೆ ಬಡಿದು ಬಿರುಕು ಬಿಡುತ್ತದೆ. ಎಲ್ಲವೂ ಮುಳುಗಿದ ಮೇಲೆ ಉರಿ ತಗ್ಗಿಸಿ. ಕುದಿ ನಿಲ್ಲಬಾರದು, ಆದರೆ ಮೊಟ್ಟೆಗಳು ಕುಣಿಯಲೂಬಾರದು. 11ರಿಂದ 12 ನಿಮಿಷ. ಕುದಿನೀರಿನಲ್ಲಿ ಒಡೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಅಗಲ ತುದಿಯೊಳಗಿನ ಗಾಳಿ ಬಿಸಿಗೆ ಹಿಗ್ಗಿ ಹೊರಬರಲು ದಾರಿ ಹುಡುಕುತ್ತದೆ. ಆ ತುದಿಗೆ ಗುಂಡುಸೂಜಿಯಿಂದ ಸಣ್ಣ ತೂತು ಮಾಡಿದರೆ ಗಾಳಿ ಅಲ್ಲಿಂದ ಹೋಗುತ್ತದೆ.

ಮೇಲೆ ಹೇಳಿದ ಸಮಯ ಸುಮಾರು 50ರಿಂದ 55 ಗ್ರಾಂ ತೂಗುವ, ಫ್ರಿಜ್ಜಿನ ಹೊರಗಿದ್ದ ಫಾರಂ ಮೊಟ್ಟೆಗೆ. ಫ್ರಿಜ್ಜಿನಿಂದ ತೆಗೆದದ್ದಾದರೆ ಒಂದು ನಿಮಿಷ ಹೆಚ್ಚು, ಸಣ್ಣ ನಾಟಿ ಮೊಟ್ಟೆಗೆ ಒಂದು ನಿಮಿಷ ಕಡಿಮೆ. ಊರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಗಳೂರಿನಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅದು ಸುಮಾರು 97, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಕರಾವಳಿಯವರು ಹೇಳಿದ ಸಮಯವನ್ನೇ ಬೆಂಗಳೂರಿನಲ್ಲಿ ಇಟ್ಟುಕೊಂಡರೆ ಹಳದಿಯ ನಡುವೆ ಒದ್ದೆ ಉಳಿಯಬಹುದು. ಇಲ್ಲಿ ನಾನು 13 ನಿಮಿಷ ಇಡುತ್ತೇನೆ.

ಪ್ರೆಶರ್ ಕುಕ್ಕರಿನಲ್ಲಿ ಒಂದು ವಿಸಿಲ್ ಕೂಗಿಸುವವರು ಬಹಳ. ಸಿಪ್ಪೆ ಚೆನ್ನಾಗಿಯೇ ಬಿಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಒಳಗಿನ ಬಿಸಿ 100 ಡಿಗ್ರಿ ದಾಟುವುದರಿಂದ ಬಿಳಿ ರಬ್ಬರಿನಂತೆ ಜಗ್ಗುತ್ತದೆ. ಪ್ರೆಶರ್ ತಾನಾಗಿ ಇಳಿಯುವವರೆಗೆ ಬಿಟ್ಟರಂತೂ ಹಳದಿಯ ಸುತ್ತ ಹಸಿರು ಬಣ್ಣ ಬರುವುದು ಖಂಡಿತ ಎನ್ನಬಹುದು.

ಆ ಹಸಿರು ಉಂಗುರ ವಿಷವೇನಲ್ಲ. ಹೆಚ್ಚು ಹೊತ್ತು ಕಾದಾಗ ಬಿಳಿಯಲ್ಲಿರುವ ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತದೆ. ಅದು ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿದ ಜಾಗದಲ್ಲಿ ಬೂದುಹಸಿರು ಗೆರೆ ಮೂಡುತ್ತದೆ. ಬೇಕರಿಯ ಎಗ್ ಪಫ್ಸ್‌ನಲ್ಲಿ ಅದು ಅಷ್ಟು ಕಾಣುವುದಕ್ಕೆ, ಒಮ್ಮೆ ಬೆಂದ ಮೊಟ್ಟೆ ಮತ್ತೆ ಓವನ್ನಿಗೆ ಹೋಗುವುದೂ ಒಂದು ಕಾರಣ. ಮನೆಯಲ್ಲಿ ತಪ್ಪಿಸುವುದು ಸುಲಭ: ಸಮಯ ಮುಗಿದ ಕೂಡಲೇ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ. ಒಲೆ ಆರಿಸಿ ಬಿಸಿನೀರಲ್ಲೇ ಬಿಟ್ಟರೆ ಬೇಯುವುದು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಮಹಡಿ ಮೇಲಿನ ಟ್ಯಾಂಕಿನಿಂದ ಬರುವ ನಲ್ಲಿ ನೀರೇ ಬೆಚ್ಚಗಿರುತ್ತದೆ, ಅದನ್ನು ತಣ್ಣೀರೆಂದು ನಂಬಬೇಡಿ. ಒಂದು ಟ್ರೇ ಐಸ್ ಹಾಕಿ, ಇಲ್ಲವೇ ಎರಡು ಮೂರು ಸಲ ನೀರು ಬದಲಿಸಿ. ಬಿಸಿಬಿಸಿ ತಿನ್ನುವುದಾದರೆ ಒಂದೆರಡು ನಿಮಿಷ ಸಾಕು, ಎತ್ತಿಡುವುದಾದರೆ ಹದಿನೈದು ನಿಮಿಷ.

ಹೊಸ ಮೊಟ್ಟೆಯ ವಿಷಯಕ್ಕೆ ಬರೋಣ. ಇಟ್ಟ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ದಿನ ಕಳೆದಂತೆ ಅದು ಸಿಪ್ಪೆಯ ಸಣ್ಣ ರಂಧ್ರಗಳಿಂದ ಹೊರಹೋಗಿ ಬಿಳಿ ಹೆಚ್ಚು ಕ್ಷಾರೀಯವಾಗುತ್ತದೆ, ಪೊರೆಯ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಮನೆಯ ಕೋಳಿ ಬೆಳಿಗ್ಗೆ ಇಟ್ಟ ಮೊಟ್ಟೆಯನ್ನು ಆಮ್ಲೆಟ್ಟಿಗೆ ಬಳಸಿ, ಬೇಯಿಸಲು ವಾರದ ಹಿಂದಿನದನ್ನು ತೆಗೆದುಕೊಳ್ಳಿ. ಆದರೆ ಹಳೆಯದರಲ್ಲಿ ಹಸಿರು ಉಂಗುರ ಬೇಗ ಬರುತ್ತದೆ, ಸಮಯದ ಮೇಲೆ ಕಣ್ಣಿರಲಿ. ನೀರಿನಲ್ಲಿ ಪೂರ್ತಿ ತೇಲುವ ಮೊಟ್ಟೆ ತುಂಬಾ ಹಳೆಯದು, ನಾನು ಬಳಸುವುದಿಲ್ಲ.

ನೀರಿಗೆ ಉಪ್ಪು ಹಾಕಿದರೆ ಸಿಪ್ಪೆ ಬೇಗ ಬಿಡುತ್ತದೆ ಎನ್ನುವುದರಲ್ಲಿ ನನಗೆ ನಂಬಿಕೆಯಿಲ್ಲ. ಬಿರುಕಿನಿಂದ ಸೋರುವ ಬಿಳಿ ಅಲ್ಲೇ ಬೇಗ ಹೆಪ್ಪುಗಟ್ಟಲು ಅದು ನೆರವಾಗುತ್ತದೆ, ಅಷ್ಟೇ. ಅಡುಗೆ ಸೋಡಾ ಬೇಡವೇ ಬೇಡ, ಗಂಧಕದ ವಾಸನೆ ಜೋರಾಗುತ್ತದೆ.

ಸುಲಿಯುವಾಗ ಅಗಲ ತುದಿಯಿಂದ ಶುರು ಮಾಡಿ, ಅಲ್ಲಿ ಗಾಳಿಯ ಗುಳಿ ಇರುವುದರಿಂದ ಬೆರಳಿಗೆ ಹಿಡಿತ ಸಿಗುತ್ತದೆ. ಮೊದಲು ಕಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿ ಸುತ್ತಲೂ ಬಿರುಕು ಮಾಡಿಕೊಳ್ಳಬೇಕು. ಸಿಪ್ಪೆಯನ್ನಷ್ಟೇ ಕೀಳದೆ ಪೊರೆಯನ್ನು ಹಿಡಿದು ಎಳೆಯಿರಿ. ಹಟ ಹಿಡಿದರೆ ಬಟ್ಟಲಿನ ನೀರಿನೊಳಗೇ ಸುಲಿಯಿರಿ, ನೀರು ಪೊರೆಯಡಿ ನುಗ್ಗಿ ಬಿಡಿಸುತ್ತದೆ.

ಮೊಟ್ಟೆ ಸಾರಿಗಾದರೆ 10 ನಿಮಿಷ ಸಾಕು, ಉಳಿದದ್ದು ಸಾರಿನಲ್ಲೇ ಬೇಯುತ್ತದೆ. ಸಾರು ಕುದಿದು ಮಸಾಲೆಯ ಹಸಿವಾಸನೆ ಹೋದ ಮೇಲೆ, ಕೊನೆಯ ಐದು ನಿಮಿಷಕ್ಕೆ ಮೊಟ್ಟೆ ಹಾಕಿ. ಉದ್ದಕ್ಕೆ ಮೂರ್ನಾಲ್ಕು ಗೀರು ಹಾಕಿದ್ದರೆ ಖಾರ ಒಳಗಿಳಿಯುತ್ತದೆ. ಮೊದಲು ಎಣ್ಣೆಯಲ್ಲಿ ಬಾಡಿಸುವುದಾದರೆ ಬಟ್ಟೆಯಿಂದ ಒರೆಸಿ, ಗೀರು ಹಾಕಿಯೇ ಬಾಡಿಸಿ. ಇಲ್ಲದಿದ್ದರೆ ಒಳಗಿನ ಹಬೆಗೆ ಸಿಡಿದು ಎಣ್ಣೆ ಮೈಮೇಲೆ ಹಾರುತ್ತದೆ. ಇಡೀ ಮೊಟ್ಟೆಯನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಬಾರದೆನ್ನುವುದೂ ಇದಕ್ಕೇ.

ಉಳಿದದ್ದನ್ನು ಸಿಪ್ಪೆ ಸಮೇತ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರದವರೆಗೆ ತಿನ್ನಬಹುದು, ಸುಲಿದದ್ದನ್ನು ಮಾತ್ರ ಅದೇ ದಿನ ಮುಗಿಸುವುದು ಒಳ್ಳೆಯದು. ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದದ್ದನ್ನು ಎತ್ತಿಡಬೇಡಿ. ಫ್ರಿಜ್ಜಿನಲ್ಲಿ ಹಸಿಯದು ಯಾವುದು, ಬೆಂದದ್ದು ಯಾವುದು ಎಂದು ಗೊಂದಲವಾಗದಂತೆ ಬೆಂದದ್ದರ ಮೇಲೆ ಪೆನ್ಸಿಲ್ಲಿನಿಂದ ತಾರೀಖು ಬರೆದಿಡುತ್ತೇನೆ.