ಸ್ಪೋರ್ಟ್ಸ್ ಕಾರಿನ ಒದೆತ ತಗ್ಗಿಸಿದ ಬಗೆ

ಕಾರು ಒದೆಯುತ್ತೆ ಅಂದರೆ ಎಲ್ಲರೂ ಮೊದಲು ಬೈಯುವುದು ಸ್ಪ್ರಿಂಗನ್ನು. ನಾನು ಅದಕ್ಕೆ ಕೈ ಹಾಕಿದ್ದು ಕೊನೆಗೆ. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಒರಟುತನ ಹೋಗಿಯಾಗಿತ್ತು.

ನನ್ನದು ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರು, ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಗಿಡ್ಡ ಸ್ಪ್ರಿಂಗ್, 18 ಇಂಚಿನ ರಿಮ್, ರನ್‌ಫ್ಲಾಟ್ ಟೈರ್ (ಪಂಕ್ಚರ್ ಆದರೂ ಓಡುವಂಥದ್ದು), ಗಾಲಿಯನ್ನು ಕಾರಿಗೆ ಜೋಡಿಸುವ ಮುಂದಿನ ಆರ್ಮ್‌ಗಳಿಗೆ ರಬ್ಬರಿನ ಬದಲು ಗಡಸಾದ ಪಾಲಿಯುರಿಥೇನ್ ಬುಶ್ (ಕೀಲಿನ ಮೆತ್ತೆ) ಎಲ್ಲಾ ಹಾಕಿಸಿದ್ದರು. ನೋಡೋಕೆ ಬಲು ಚಂದ. ಓಡಿಸೋಕೆ ಬೆನ್ನಿಗೆ ಶಿಕ್ಷೆ.

ಕೆಲಸ ಶುರು ಮಾಡುವ ಮುಂಚೆ ಏಟು ಎಂಥದ್ದು ಅಂತ ಗಮನಿಸಿದೆ. ರಸ್ತೆಯ ಸಣ್ಣ ಅಂಚಿಗೆ ‘ಟಕ್’ ಅಂತ ಚೂಪಾಗಿ ಬಡಿದರೆ ಅದು ಟೈರು, ಬುಶ್‌ಗಳ ಕಡೆಯಿಂದ ಬರೋದು. ಹಂಪ್ ಇಳಿಯುವಾಗ ‘ದಬ್’ ಅಂದರೆ ಸಸ್ಪೆನ್ಷನ್ ಪೂರ್ತಿ ಒತ್ತಿಕೊಂಡು ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ ತಾಗಿದೆ ಅಂತ. ಅಲೆಯಂಥ ರಸ್ತೆಯಲ್ಲಿ ಕಾರು ಕುಣಿದರೆ ಸ್ಪ್ರಿಂಗಿಗೂ ಡ್ಯಾಂಪರಿಗೂ (ಶಾಕ್ ಅಬ್ಸಾರ್ಬರ್) ಹೊಂದಾಣಿಕೆ ಇಲ್ಲ. ನನ್ನ ಕಾರಿನಲ್ಲಿ ಮೂರೂ ಇತ್ತು ಅನ್ನಿ.

ಖರ್ಚಿಲ್ಲದ ಕೆಲಸ ಮೊದಲು. ಟೈರಿನ ಗಾಳಿ ನೋಡಿದರೆ 36 ಪಿಎಸ್ಐ. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿ ಇದ್ದದ್ದು 32. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಅಳೆದು 32ಕ್ಕೆ ತಂದೆ. ಅಷ್ಟಕ್ಕೇ ವ್ಯತ್ಯಾಸ ಗೊತ್ತಾಯಿತು. ಇನ್ನೂ ಇಳಿಸಿದರೆ ಇನ್ನೂ ಮೆತ್ತಗಾಗುತ್ತೆ ಅಲ್ವಾ ಅನ್ನಿಸಬಹುದು. ಬೇಡ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಜಾಸ್ತಿ ಬಾಗಿ ಟೈರ್ ಬಿಸಿಯಾಗುತ್ತೆ, ಅಂಚು ಬೇಗ ಸವೆಯುತ್ತೆ, ಸ್ಟೀರಿಂಗ್ ತಿರುಗಿಸಿದ್ದಕ್ಕೆ ಕಾರು ತಡವಾಗಿ ಓಗೊಡುತ್ತೆ.

ಆಮೇಲೆ ಟೈರನ್ನೇ ಬದಲಾಯಿಸಿದೆ. ರನ್‌ಫ್ಲಾಟಿನ ಸೈಡ್‌ವಾಲ್ ಪಂಕ್ಚರ್ ಆದಾಗ ಗಾಳಿಯಿಲ್ಲದೆ ಕಾರಿನ ಭಾರ ಹೊರಬೇಕು. ಅದಕ್ಕೇ ಅಷ್ಟು ದಪ್ಪ, ಅಷ್ಟು ಗಡಸು. ಮೊದಲು ಇದ್ದದ್ದು 225/40 ಆರ್18, ಅಂದರೆ ಅಗಲ 225 ಮಿಮೀ, ಸೈಡ್‌ವಾಲಿನ ಎತ್ತರ ಅದರ ಶೇ. 40, ರಿಮ್ 18 ಇಂಚು. ಅದರ ಜಾಗಕ್ಕೆ 17 ಇಂಚಿನ ರಿಮ್, 225/45ರ ಸಾದಾ ಟೈರ್ ಹಾಕಿದೆ. ಸೈಡ್‌ವಾಲಿನ ಎತ್ತರ 90 ಮಿಮೀ ಇದ್ದದ್ದು 101ಕ್ಕೆ ಏರಿತು. ಟೈರಿನ ಒಟ್ಟು ವ್ಯಾಸ ಮಾತ್ರ 637ರಿಂದ 634 ಮಿಮೀ. ಹಾಗಾಗಿ ಸ್ಪೀಡೋಮೀಟರಿಗೂ ಹೆಚ್ಚೇನೂ ಆಗಲ್ಲ. ಅಗಲ ಅಷ್ಟೇ ಇಟ್ಟುಕೊಂಡಿದ್ದರಿಂದ ಹಿಡಿತಕ್ಕೂ ಮೋಸವಿಲ್ಲ. ಗಾಲಿ ಹಗುರವಾದದ್ದು ಇನ್ನೊಂದು ಲಾಭ. ಸ್ಪ್ರಿಂಗಿನ ಕೆಳಗಿನ ಭಾರ ಕಡಿಮೆಯಾದಷ್ಟೂ ಟೈರ್ ರಸ್ತೆ ಬಿಡದೆ ಓಡುತ್ತೆ. ರಿಮ್ ಕೊಳ್ಳುವ ಮುಂಚೆ ಅದು ಬ್ರೇಕ್ ಕ್ಯಾಲಿಪರ್‌ಗೆ ತಾಗಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ ಅನ್ನೋದು), ಟೈರು ಎಷ್ಟು ಭಾರ ಹೊರುತ್ತೆ ಅನ್ನುವ ಲೋಡ್ ಇಂಡೆಕ್ಸ್, ಎಷ್ಟು ವೇಗ ತಡೆಯುತ್ತೆ ಅನ್ನುವ ಸ್ಪೀಡ್ ರೇಟಿಂಗ್ ಕೂಡ ನೋಡಿ. ನನ್ನ ಕಾರಿನಲ್ಲಿ ಸ್ಟೆಪ್ನಿಗೆ ಜಾಗವೇ ಇಲ್ಲ. ಈಗ ಡಿಕ್ಕಿಯಲ್ಲಿ ಪಂಪು ಮತ್ತು ಪಂಕ್ಚರ್ ಕಿಟ್ ಯಾವಾಗಲೂ ಇರುತ್ತೆ.

‘ಟಕ್’ ಬಹುಪಾಲು ಹೋಯಿತು. ‘ದಬ್’ ಹಾಗೇ ಉಳಿಯಿತು.

ಅದನ್ನು ಪತ್ತೆ ಮಾಡೋಕೆ ಮುಂದಿನ ಡ್ಯಾಂಪರಿನ ರಾಡಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿದೆ. ತೀರಾ ಬಿಗಿಯಾಗಿ ಅಲ್ಲ, ತಳ್ಳಿದರೆ ಜಾರುವಷ್ಟು. ಅದನ್ನು ಕೆಳಗೆ ಡ್ಯಾಂಪರಿನ ಕೊಳವೆಗೆ ತಾಗಿಸಿ ಇಟ್ಟು, ದಿನಾ ಹೋಗುವ ರಸ್ತೆಯಲ್ಲೇ ಒಂದು ಸುತ್ತು ಹೊಡೆದು ಬಂದೆ. ಜಿಪ್ ಟೈ ಮೇಲೆ ಹೋಗಿ ಬಂಪ್ ಸ್ಟಾಪಿನ ಬುಡದಲ್ಲಿ ಕಚ್ಚಿಕೊಂಡಿತ್ತು. ಕಾರು ಸುಮ್ನೆ ನಿಂತಾಗಲೇ ಕೊಳವೆಗೂ ಬಂಪ್ ಸ್ಟಾಪಿಗೂ ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗ ಇರಲಿಲ್ಲ! ಅಂದರೆ ಚಿಕ್ಕ ಗುಂಡಿಗೂ ಸ್ಪ್ರಿಂಗ್ ಕೆಲಸ ಮುಗಿಸುವ ಮುಂಚೆಯೇ ರಬ್ಬರ್ ತುಂಡಿನ ಮೇಲೆ ಕಾರು ಕೂರುತ್ತಿತ್ತು. ತಿರುವಿನಲ್ಲಿ ಹೀಗಾದರೆ ಆ ಗಾಲಿಯ ಗಡಸುತನ ಒಮ್ಮೆಲೇ ಏರಿ ಹಿಡಿತ ತಪ್ಪುತ್ತೆ. ತಗ್ಗಿಸಿದ ಕಾರು ಚೆನ್ನಾಗಿ ತಿರುಗುತ್ತೆ ಅನ್ನುವವರು ಒಮ್ಮೆ ಈ ಜಿಪ್ ಟೈ ಪರೀಕ್ಷೆ ಮಾಡಿ ನೋಡಲಿ.

ಸ್ಪ್ರಿಂಗ್ ಮುಟ್ಟಲೇಬೇಕಾಯಿತು. ಇಲ್ಲಿ ಸ್ವಲ್ಪ ಲೆಕ್ಕ ಇದೆ. ಕಾರಿನ ಒಂದು ಮೂಲೆಯ ಮೇಲೆ 300 ಕಿಲೋ ಭಾರ ಇದೆ, ಗಾಲಿಯ ಹತ್ತಿರ ಅಳೆದ ಗಡಸುತನ ಮಿಲಿಮೀಟರಿಗೆ 40 ನ್ಯೂಟನ್ ಅಂತ ಇಟ್ಟುಕೊಳ್ಳಿ. ಆ ಮೂಲೆ ಸೆಕೆಂಡಿಗೆ ಸುಮಾರು 1.8 ಸಲ ಕುಣಿಯುತ್ತೆ. ಗಡಸುತನ 32ಕ್ಕೆ ಇಳಿಸಿದರೆ ಸುಮಾರು 1.6. ಸ್ಪ್ರಿಂಗ್ ಶೇ. 20 ಮೆತ್ತಗಾದರೂ ಕುಣಿತದ ವೇಗ ಇಳಿದದ್ದು ಸುಮಾರು ಶೇ. 11 ಮಾತ್ರ. ಕಾರು ದೋಣಿಯ ಹಾಗೆ ತೂಗಾಡೋಕೆ ಶುರುವಾಗುತ್ತೆ ಅನ್ನುವ ಭಯ ನನಗೆ ಹೋದದ್ದು ಈ ಲೆಕ್ಕ ಹಾಕಿದ ಮೇಲೆ. ಕಂಪನಿಯ ಮೂಲ ಎತ್ತರಕ್ಕಿಂತ ಸ್ವಲ್ಪವೇ ಗಿಡ್ಡವಿರುವ, ಮೊದಲಿನದಕ್ಕಿಂತ ಮೆತ್ತನೆಯ ಸ್ಪ್ರಿಂಗ್ ಹಾಕಿದೆ. ಹಿಂದಿನ ಗಾಲಿಗಳ ಕುಣಿತ ಮುಂದಿನದಕ್ಕಿಂತ ತುಸು ಚುರುಕಾಗಿರುವಂತೆ ಆರಿಸಿದೆ. ಹಂಪ್ ದಾಟುವಾಗ ಮೊದಲು ಎದ್ದ ಮುಂಭಾಗವನ್ನು ಹಿಂಭಾಗ ಹಿಡಿದು ಹಾಕುತ್ತೆ, ಕಾರು ತಲೆದೂಗುವುದು ಬೇಗ ನಿಲ್ಲುತ್ತೆ.

ಡ್ಯಾಂಪರಿನ ನಾಬ್ ತಿರುಗಿಸುವಾಗ ನನ್ನ ಪದ್ಧತಿ ಒಂದೇ. ಪೂರ್ತಿ ಬಿಗಿ ಮಾಡುವುದು, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸುವುದು, ಬರೆದಿಡುವುದು. ನನ್ನದರಲ್ಲಿ ನಾಬ್ ಮುಖ್ಯವಾಗಿ ಬದಲಿಸುವುದು ರಿಬೌಂಡನ್ನು, ಅಂದರೆ ಒತ್ತಿಕೊಂಡ ಸ್ಪ್ರಿಂಗ್ ಮತ್ತೆ ಬಿಚ್ಚಿಕೊಳ್ಳುವ ವೇಗವನ್ನು. ಇದು ತೀರಾ ಬಿಗಿಯಾದರೆ ಒಂದು ಗುಂಡಿಯಿಂದ ಗಾಲಿ ವಾಪಸ್ ಇಳಿಯುವ ಮುಂಚೆ ಇನ್ನೊಂದು ಗುಂಡಿ ಬಂದಿರುತ್ತೆ. ಕಾರು ಕುಸಿಯುತ್ತಾ ಕುಸಿಯುತ್ತಾ ಬಂಪ್ ಸ್ಟಾಪಿಗೆ ಬರುತ್ತೆ. ಸ್ಪ್ರಿಂಗ್ ಮೆತ್ತಗಾದ ಮೇಲೆ ರಿಬೌಂಡನ್ನೂ ಸಡಿಲ ಮಾಡಲೇಬೇಕು. ಹಂಪ್ ದಾಟಿದ ಮೇಲೆ ಕಾರು ಒಮ್ಮೆ ಎದ್ದು ಸುಮ್ಮನಾಗುವವರೆಗೆ ಸಡಿಲಿಸಿದೆ.

ತಿರುವಿನಲ್ಲಿ ಕಾರು ವಾಲುವುದು ಸ್ವಲ್ಪ ಜಾಸ್ತಿ ಆಯಿತು, ನಿಜ. ಅದಕ್ಕೆ ಮುಂದಿನ ಆಂಟಿ ರೋಲ್ ಬಾರನ್ನು (ಎಡ-ಬಲ ಗಾಲಿಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು) ಅದರ ತುದಿಯ ತೂತುಗಳಲ್ಲಿ ಒಂದು ತೂತು ಬಿಗಿ ಮಾಡಿದೆ. ಎರಡೂ ಗಾಲಿ ಒಟ್ಟಿಗೆ ಏರಿದರೆ ಈ ಬಾರ್ ಅಡ್ಡ ಬರಲ್ಲ. ಒಂದೇ ಗಾಲಿ ಗುಂಡಿಗೆ ಬಿದ್ದರೆ ಮಾತ್ರ ಒದೆತ ಇನ್ನೊಂದು ಕಡೆಗೂ ಹೋಗುತ್ತೆ. ಅದಕ್ಕೇ ಇನ್ನೊಂದು ತೂತು ಮುಂದೆ ಹೋಗಲಿಲ್ಲ.

ಬುಶ್ ವಿಷಯದಲ್ಲಿ ಕೆಳ ಆರ್ಮಿನ ಹಿಂದಿನ ಬುಶ್ ಒಂದನ್ನೇ ರಬ್ಬರಿಗೆ ತಂದೆ. ಗುಂಡಿಗೆ ಬಡಿದಾಗ ಗಾಲಿ ತುಸು ಹಿಂದೆ ಸರಿಯೋಕೆ ಅವಕಾಶ ಕೊಡುವುದು ಅದೇ. ಆಂಟಿ ರೋಲ್ ಬಾರಿನ ಪಾಲಿ ಬುಶ್ ಹಾಗೇ ಇದೆ. ರಬ್ಬರ್ ಬುಶ್ ಹಾಕುವಾಗ ಬೋಲ್ಟಿನ ಕೊನೆಯ ಬಿಗಿತ ಕಾರು ತನ್ನ ಗಾಲಿಯ ಮೇಲೆ ನಿಂತ ಎತ್ತರದಲ್ಲೇ ಆಗಬೇಕು. ಜ್ಯಾಕಿನ ಮೇಲೆ ಗಾಲಿ ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇರುತ್ತೆ. ಒರಟಾಗುತ್ತೆ, ಬೇಗ ಹರಿಯುತ್ತೆ. ಎಷ್ಟೋ ಗ್ಯಾರೇಜುಗಳಲ್ಲಿ ಇದನ್ನು ನಾವೇ ನೆನಪಿಸಬೇಕು.

ಕಳೆದುಕೊಂಡದ್ದು ಏನು? ಸ್ಟೀರಿಂಗ್ ತಿರುಗಿಸಿದ ಮೊದಲ ಕ್ಷಣದ ಚೂಪು ಒಂಚೂರು ಹೋಗಿದೆ. ಜೋರಾಗಿ ಬ್ರೇಕ್ ಒತ್ತಿದರೆ ಮೂತಿ ಮೊದಲಿಗಿಂತ ಬಾಗುತ್ತೆ. ಆದರೆ ಮುರುಕು ರಸ್ತೆಯ ತಿರುವಿನಲ್ಲಿ ಮೊದಲಿಗಿಂತ ಈಗ ಜಾಸ್ತಿ ವೇಗ ಇಟ್ಟುಕೊಳ್ಳಬಹುದು, ಯಾಕೆಂದರೆ ಟೈರ್ ನೆಲ ಬಿಟ್ಟು ಹಾರುತ್ತಿಲ್ಲ. ನುಣುಪಾದ ಟ್ರ್ಯಾಕಿನಲ್ಲಿ ಹಳೇ ಸೆಟ್ಟಿಂಗ್ ಗೆದ್ದರೂ ಗೆಲ್ಲಬಹುದು. ನಾನು ಓಡಿಸುವುದು ರಸ್ತೆಯಲ್ಲಿ.

ಎತ್ತರ ಬದಲಾದರೆ ಟೋ (ಮೇಲಿಂದ ನೋಡಿದಾಗ ಗಾಲಿ ಒಳಗೆ ಅಥವಾ ಹೊರಗೆ ತಿರುಗಿರುವುದು), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಗಾಲಿ ವಾಲಿರುವುದು) ಎರಡೂ ಬದಲಾಗುತ್ತೆ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವವರೆಗೆ ಓಡಿಸಿ ಅಲೈನ್‌ಮೆಂಟ್ ಮಾಡಿಸಿದೆ. ಹೆಡ್‌ಲೈಟಿನ ಬೆಳಕು ಬೀಳುವ ಎತ್ತರವನ್ನೂ ಆಗಲೇ ಸರಿ ಮಾಡಿಸಿಕೊಂಡೆ.