ಮೈನಸ್ ನಾಲ್ಕು ಮೀಟರ್ ತೋಟ: ಕೊಡಗಿಗೆ ಹೊಸದಾಗಿ ಬಂದವರಿಗೆ ಹೈಸ್ಕೂಲ್ ಗಣಿತದ ಮಾರ್ಗದರ್ಶಿ

ವರ್ಗಾವಣೆಯಾಗಿ ಕೊಡಗಿಗೆ ಬಂದವರು ನಮ್ಮ ಕನ್ನಡ ಸಂಘದಲ್ಲಿ ಮೊದಲು ಕೇಳುವುದು ಮೂರೇ ಪ್ರಶ್ನೆ. ಬಾಡಿಗೆ ಮನೆ ಎಲ್ಲಿ ಸಿಗುತ್ತೆ? ಮಳೆಗಾಲದಲ್ಲಿ ಬಟ್ಟೆ ಹೇಗೆ ಒಣಗಿಸ್ತೀರಿ? ಮಗಳಿಗೆ ಗಣಿತ ಟ್ಯೂಷನ್ ಯಾರು ಹೇಳಿಕೊಡ್ತಾರೆ? ಈ ಬರಹ ಮೂರನೆಯ ಪ್ರಶ್ನೆಗೆ.

ನಾನೂ ಹೊರಗಿನಿಂದ ಬಂದವಳೇ. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗಾವಣೆಯಾಗಿ ಗದಗ ಕಡೆಯಿಂದ ವಿರಾಜಪೇಟೆಗೆ ಬಂದಾಗ ಮಗ ಒಂಬತ್ತನೇ ಕ್ಲಾಸು. ಬಂದ ವಾರವೇ ಟ್ಯೂಷನ್‌ಗೆ ಹಾಕಿದೆವು. ವರ್ಷ ಕಳೆಯುವ ಹೊತ್ತಿಗೆ ಸೂತ್ರಗಳೆಲ್ಲ ಅವನ ಬಾಯಲ್ಲಿ ಪಟಪಟ. ಹತ್ತನೇ ಕ್ಲಾಸಿನಲ್ಲಿ ಒಂದು ಸಂಜೆ ಅವನ ನೋಟ್‌ಬುಕ್ ನೋಡಿದೆ. ತೋಟದ ಅಗಲ ಮೈನಸ್ 4 ಮೀಟರ್ ಎಂದು ಬರೆದು, ಕೆಳಗೆ ಸ್ಕೇಲ್ ಹಿಡಿದು ಎರಡು ಗೆರೆ ಎಳೆದಿದ್ದ. "ಮೈನಸ್ ನಾಲ್ಕು ಮೀಟರ್ ತೋಟದಾಗ ಗಿಡ ಹೆಂಗ ಹಚ್ಚತೀಯೋ?" ಎಂದೆ. "ಫಾರ್ಮುಲಾ ಹಂಗೇ ಹೇಳ್ತದ, ಅಮ್ಮಾ" ಎಂದ.

ಕಲಿಕೆಯ ಗುರಿ ಏನು ಎಂದು ಯಾರಾದರೂ ಕೇಳಿದರೆ ನಾನು ಆ ಎರಡು ಗೆರೆಗಳನ್ನೇ ನೆನೆಸಿಕೊಳ್ಳುತ್ತೇನೆ. ಮಾತಿನಲ್ಲಿರುವ ಲೆಕ್ಕಕ್ಕೆ ಎಕ್ಸ್ ಹಾಕಿ ಬರೆಯಲು ಬರಬೇಕು. ಅದನ್ನು ಬಿಡಿಸಲು ಬರಬೇಕು. ಬಂದ ಉತ್ತರವನ್ನು ಮತ್ತೆ ಮಾತಿಗೆ ಇಳಿಸಿ, ಇದು ಆಗುವಂಥದ್ದಾ ಎಂದು ನೋಡಲು ಬರಬೇಕು. ನಡುವಿನದನ್ನು ಶಾಲೆ, ಟ್ಯೂಷನ್ ಎರಡೂ ಕಲಿಸುತ್ತವೆ. ಮೊದಲಿನದು, ಕೊನೆಯದು ಎರಡಕ್ಕೂ ಮನೆಯವರ ಕೈ ಬೇಕು.

ಶಾಲೆ ಸೇರಿಸುವಾಗ

ಟಿ.ಸಿ., ಅಂಕಪಟ್ಟಿ, ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಹಳೆಯ ಶಾಲೆಯಿಂದಲೇ ತನ್ನಿ. ವರ್ಷದ ನಡುವೆ ಬಂದಿದ್ದರೆ ಗಣಿತದ ಮೇಷ್ಟ್ರನ್ನು ಕಂಡು, ಯಾವ ಯಾವ ಪಾಠ ಮುಗಿದಿದೆ ಎಂದು ಪುಸ್ತಕದಲ್ಲೇ ಟಿಕ್ ಹಾಕಿಸಿಕೊಳ್ಳಿ. ಪಾಠಗಳ ಸರದಿ ಎಲ್ಲ ಕಡೆ ಒಂದೇ ಇರುವುದಿಲ್ಲ. ಅಲ್ಲಿ ಇನ್ನೂ ಮಾಡಿಲ್ಲ, ಇಲ್ಲಿ ಆಗಲೇ ಮುಗಿದಿದೆ, ಹೀಗೆ ಒಂದು ಪಾಠ ನಡುವೆ ಬಿದ್ದುಹೋಗುತ್ತದೆ. ನಮ್ಮ ಮನೆಯಲ್ಲಿ ಬಿದ್ದುಹೋದದ್ದು ಬಹುಪದೋಕ್ತಿ, ಅಂದರೆ ಪಾಲಿನಾಮಿಯಲ್ ಪಾಠ.

ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಹಾಗಾಗಿ ಒಂದರಲ್ಲಿ ಎಡವಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಸಿಬಿಎಸ್‌ಇ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಬಗೆ ಇದೆ. ಬೇಸಿಕ್ ಸುಲಭ ಎಂದು ಸುಮ್ನೆ ಟಿಕ್ ಹಾಕಬೇಡಿ. ಮುಂದೆ ಗಣಿತ ಓದುವ ಆಸೆ ಇದೆಯಾ ಎಂದು ಮಗುವನ್ನೇ ಕೇಳಿ, ಶಾಲೆಯಲ್ಲೂ ವಿಚಾರಿಸಿ.

ಬೀಜಗಣಿತ: ಬೇಲಿ, ಕುಯ್ಲು, ಹಾಕಿ

ಕೊಡಗಿನಲ್ಲಿ ಎಕ್ಸ್ ಹುಡುಕಲು ದೂರ ಹೋಗಬೇಕಿಲ್ಲ. ಡಿಸೆಂಬರ್ ದಾಟಿ ರೊಬಸ್ಟಾ ಕುಯ್ಲು ಶುರುವಾದರೆ ತೋಟಗಳಲ್ಲಿ ಕೆಜಿ ಲೆಕ್ಕದ ಕೂಲಿಯ ಮಾತು. ಸುಮ್ಮನೆ ಒಂದು ಲೆಕ್ಕಕ್ಕೆ ದಿನಗೂಲಿ 450 ರೂಪಾಯಿ, ಕೆಜಿಗೆ 5 ರೂಪಾಯಿ ಎಂದುಕೊಳ್ಳಿ. ಎಷ್ಟು ಕೆಜಿ ಕುಯ್ದರೆ ಎರಡೂ ಸಮ? 5 ಎಕ್ಸ್ = 450, ಎಕ್ಸ್ ಅಂದರೆ 90. ತೊಂಬತ್ತಕ್ಕಿಂತ ಜಾಸ್ತಿ ಕುಯ್ಯುವವರಿಗೆ ಕೆಜಿ ಲೆಕ್ಕ ಲಾಭ, ಕಡಿಮೆ ಕುಯ್ಯುವವರಿಗೆ ದಿನಗೂಲಿ. ಒಂಬತ್ತನೇ ಕ್ಲಾಸಿನ ಮಗು ಇದನ್ನು ತಾನಾಗಿ ಬರೆದರೆ ರೇಖಾತ್ಮಕ ಸಮೀಕರಣ ಅರ್ಥವಾಗಿದೆ ಎಂದೇ ಲೆಕ್ಕ.

ವರ್ಗ ಸಮೀಕರಣ ಇನ್ನೂ ಸ್ವಾರಸ್ಯ. ನಾನು ಮಗನಿಗೆ ಕೊಟ್ಟದ್ದು ಈ ಲೆಕ್ಕ. ತೋಡಿನ (ಸಣ್ಣ ಹಳ್ಳದ) ಪಕ್ಕ ಒಂದು ತರಕಾರಿ ಪಾತಿ. ತೋಡಿನ ಕಡೆ ಬೇಲಿ ಬೇಡ, ಉಳಿದ ಮೂರು ಕಡೆಗೆ ಬೇಕು. ಕೈಯಲ್ಲಿರುವುದು 40 ಮೀಟರ್ ತಂತಿ. 150 ಚದರ ಮೀಟರ್ ಜಾಗ ಸಿಗುತ್ತದಾ?

ಅಗಲ ಎಕ್ಸ್ ಆದರೆ ಉದ್ದ 40 − 2 ಎಕ್ಸ್. ಎರಡನ್ನೂ ಗುಣಿಸಿ 150ಕ್ಕೆ ಸಮ ಮಾಡಿ ಬಿಡಿಸಿದರೆ ಎಕ್ಸ್ ಅಂದರೆ 5, ಇಲ್ಲವೇ 15. ಎರಡೂ ಸರಿ! 5ಕ್ಕೆ 30 ಹಾಕಬಹುದು, 15ಕ್ಕೆ 10 ಹಾಕಬಹುದು. ಒಂದು ಉದ್ದನೆಯ ಪಟ್ಟಿ, ಇನ್ನೊಂದು ಚೌಕದ ಹತ್ತಿರದ್ದು. ಯಾವುದು ಬೇಕೆಂದು ಗಣಿತ ಹೇಳುವುದಿಲ್ಲ, ನೆಲ ಹೇಳುತ್ತದೆ.

ಈಗ 200 ಚದರ ಮೀಟರ್ ಕೇಳಿ. ಒಂದೇ ಉತ್ತರ, 10. ಅಂದರೆ 10ಕ್ಕೆ 20. 220 ಕೇಳಿದರೆ? ಶೋಧಕ, ಅಂದರೆ ಸೂತ್ರದಲ್ಲಿ ವರ್ಗಮೂಲದ ಒಳಗಿರುವ b² − 4ac, ಮೈನಸ್ ಆಗುತ್ತದೆ. ಪುಸ್ತಕದಲ್ಲಿ "ವಾಸ್ತವ ಮೂಲಗಳಿಲ್ಲ" ಎಂದು ಬರೆಯುತ್ತಾರಲ್ಲ, ಅದರ ಅರ್ಥ ಇಷ್ಟೇ: ಆ ತಂತಿಯಲ್ಲಿ ಅಷ್ಟು ಜಾಗ ಸುತ್ತಲು ಆಗುವುದೇ ಇಲ್ಲ. ಶೋಧಕ ಎಂಬ ಒಣ ಪದಕ್ಕೆ ಜೀವ ಬಂದದ್ದು ನನಗೂ ಆ ದಿನವೇ, ನಲವತ್ತರ ವಯಸ್ಸಿನಲ್ಲಿ. ಪಿಯುಸಿ ಮೊದಲ ವರ್ಷದಲ್ಲಿ ಕಾಂಪ್ಲೆಕ್ಸ್ ನಂಬರ್ ಬಂದಾಗ ಅದೇ ಸಮೀಕರಣಕ್ಕೆ ಉತ್ತರ ಸಿಗುತ್ತದೆ. ಆಗಲೂ ಬೇಲಿ ಮಾತ್ರ ಹಾಕಲಾಗದು!

ಎಲ್ಲದಕ್ಕೂ ಎಕ್ಸ್ ಬೇಕು ಅಂತಲೂ ಇಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗ ಆಡಿದ್ದು 60 ತಂಡ. ಸೋತವರು ಮನೆಗೆ ಎಂಬ ಪದ್ಧತಿಯಲ್ಲಿ ಒಟ್ಟು ಎಷ್ಟು ಪಂದ್ಯ ಬೇಕು? ಮಕ್ಕಳು ಸುತ್ತು ಸುತ್ತಾಗಿ ಕೂಡಿಸಲು ಕೂರುತ್ತಾರೆ. ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ, ಗೆಲ್ಲುವ ಒಬ್ಬರನ್ನು ಬಿಟ್ಟು 59 ತಂಡ ಹೊರಗೆ ಹೋಗಬೇಕು, ಆದ್ದರಿಂದ 59 ಪಂದ್ಯ. ಇಲ್ಲಿಯವರ ಜೊತೆ ಮಾತು ಬೆಳೆಸಲು ಹಾಕಿಗಿಂತ ಒಳ್ಳೆಯ ವಿಷಯ ಇಲ್ಲ, ಅದನ್ನೂ ಬರೆದಿಟ್ಟುಕೊಳ್ಳಿ.

ಸಂಖ್ಯಾಶಾಸ್ತ್ರ: ಮಳೆಯ ಡೈರಿ

ಇಲ್ಲಿ ಬಂದ ಹೊಸದರಲ್ಲಿ ಪಕ್ಕದ ತೋಟದವರು "ರಾತ್ರಿ 70 ಸೆಂಟ್ ಆಯ್ತು" ಎಂದಾಗ ಜಾಗ ಮಾರಿದರೇನೋ ಎಂದುಕೊಂಡಿದ್ದೆ. ಕೊಡಗಿನಲ್ಲಿ ಸೆಂಟ್ ಎಂದರೆ ಜಾಗವೂ ಹೌದು, ಮಳೆಯೂ ಹೌದು. ನೂರು ಸೆಂಟ್ ಮಳೆ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಬೆಳೆಗಾರರ ಎಷ್ಟೋ ಮನೆಗಳಲ್ಲಿ ಮಳೆಮಾಪಕ ಇದೆ, ಬೆಳಿಗ್ಗೆ ಎದ್ದು ಡೈರಿಯಲ್ಲಿ ಬರೆಯುವ ರೂಢಿಯೂ ಇದೆ. ಕಾಫಿಗೆ ಹೂಮಳೆ ಯಾವಾಗ ಬಂತು, ಎಷ್ಟು ಬಂತು ಎನ್ನುವುದು ಅವರಿಗೆ ವರ್ಷದ ಬದುಕು. ಹತ್ತನೇ ಕ್ಲಾಸಿನ ಸಂಖ್ಯಾಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕ ನಾನು ಕಂಡಿಲ್ಲ.

ಒಂದು ವಾರದ ಮಳೆ ಹೀಗಿದೆ ಎನ್ನೋಣ: 40, 50, 60, 70, 80, 90, 660 ಸೆಂಟ್. ಕೂಡಿಸಿದರೆ 1050, ಸರಾಸರಿ 150. ಆದರೆ ಏಳರಲ್ಲಿ ಆರು ದಿನ 150ರ ಹತ್ತಿರವೂ ಮಳೆ ಬಂದಿಲ್ಲ! ಒಂದೇ ದಿನದ ಸುರಿತ ಸರಾಸರಿಯನ್ನು ಮೇಲಕ್ಕೆಳೆದಿದೆ. ಸಾಲಾಗಿ ಜೋಡಿಸಿದಾಗ ನಡುವೆ ನಿಲ್ಲುವ ಸಂಖ್ಯೆ, ಅಂದರೆ ಮಧ್ಯಾಂಕ, 70. ಆ ವಾರ ಸಾಮಾನ್ಯವಾಗಿ ಹೇಗಿತ್ತು ಎಂದು ಕೇಳಿದರೆ ಮಧ್ಯಾಂಕ ಹತ್ತಿರದ ಉತ್ತರ. ಮೋರಿ ಎಷ್ಟು ದೊಡ್ಡದು ಬೇಕು ಎಂದು ಕೇಳಿದರೆ ಸರಾಸರಿಯೂ ಬೇಡ, ಮಧ್ಯಾಂಕವೂ ಬೇಡ, 660 ಅನ್ನೇ ನೋಡಬೇಕು. 2018ರ ಆಗಸ್ಟ್‌ನ ಮಳೆ, ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಕೊಡಗಿನ ಸರಾಸರಿ ಮಳೆ" ಎಂಬ ಮಾತೂ ಹಾಗೆಯೇ. ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಎರಡನ್ನೂ ಸೇರಿಸಿ ಭಾಗಿಸಿದರೆ ಬರುವ ಸಂಖ್ಯೆ ಎರಡೂ ಊರಿನದ್ದಲ್ಲ. ಸಂಖ್ಯೆ ಎಲ್ಲಿಂದ ಬಂತು ಎಂದು ಮಗು ಕೇಳಲು ಕಲಿತರೆ ಅರ್ಧ ಸಂಖ್ಯಾಶಾಸ್ತ್ರ ಬಂದ ಹಾಗೆ.

ಪಿಯುಸಿಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಬರುತ್ತದೆ, ಕನ್ನಡದಲ್ಲಿ ಮಾನಕ ವಿಚಲನೆ. ಹೆಸರಿಗೆ ಹೆದರಬೇಡಿ, ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ ಅಷ್ಟೇ. ಒಬ್ಬರು ಐದು ದಿನ ಕುಯ್ದದ್ದು 86, 88, 90, 92, 94 ಕೆಜಿ. ಇನ್ನೊಬ್ಬರು 60, 75, 90, 105, 120. ಇಬ್ಬರ ಸರಾಸರಿಯೂ 90. ಮೊದಲನೆಯವರ ಮಾನಕ ವಿಚಲನೆ ಸುಮಾರು 2.8, ಎರಡನೆಯವರದು ಸುಮಾರು 21.2. ನಾಳೆ ಎಷ್ಟು ಚೀಲ ತರಬೇಕು ಎಂದು ಯೋಚಿಸುವ, ತೋಟದ ಲೆಕ್ಕ ಬರೆಯುವ ರೈಟರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೇ.

ಸಂಭವನೀಯತೆಯಲ್ಲಿ ಒಂದೇ ಎಚ್ಚರಿಕೆ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಮೂರು ಸಲ ಹೆಡ್ ಬಿದ್ದರೂ ನಾಲ್ಕನೆಯ ಸಲಕ್ಕೆ ಅರ್ಧವೇ. ಆದರೆ ಜುಲೈ ಮಳೆ ನಾಣ್ಯದ ಹಾಗಲ್ಲ. ಇವತ್ತು ಸುರಿದರೆ ನಾಳೆಯೂ ಸುರಿಯುವುದೇ ಹೆಚ್ಚು. ರಜೆ ಕಾಯುವ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಲಿತಿರುತ್ತಾರೆ.

ಪಿಯುಸಿಗೆ ಮೊದಲು

ಎಂಜಿನಿಯರಿಂಗ್ ಯೋಚನೆ ಇದ್ದರೆ ಗಣಿತ ಬಿಡುವಂತಿಲ್ಲ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಪೊನ್ನಂಪೇಟೆಯಲ್ಲೂ ಒಂದು ಎಂಜಿನಿಯರಿಂಗ್ ಕಾಲೇಜು ಇದೆ. ಕಾಮರ್ಸ್ ಹಿಡಿಯುವವರು ಸ್ಟಾಟಿಸ್ಟಿಕ್ಸ್ ಇರುವ ಗುಂಪು ಆ ಕಾಲೇಜಿನಲ್ಲಿ ಇದೆಯಾ ಎಂದು ಮೊದಲೇ ಕೇಳಿ. ಎಲ್ಲ ಕಡೆ ಇರುವುದಿಲ್ಲ. ಸಂಖ್ಯಾಶಾಸ್ತ್ರ ಓದಿ ಏನು ಮಾಡ್ತಾರೆ ಎನ್ನುವವರಿಗೆ ನಾನು ನಮ್ಮ ಕಡೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಹೆಸರು ಹೇಳುತ್ತೇನೆ. ಅಷ್ಟು ದೂರ ಬೇಡ ಎಂದರೆ ಚೆಟ್ಟಳ್ಳಿ ಇದೆ. ಅಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೂ ತೋಟಗಾರಿಕೆ ಪ್ರಯೋಗ ಕೇಂದ್ರವೂ ಇವೆ. ಎರಡು ತಳಿಗಳಲ್ಲಿ ಯಾವುದು ಮೇಲು ಎಂದು ಹೇಳಲು ಒಂದು ಗಿಡ ನೋಡಿದರೆ ಸಾಲದು, ಹಲವು ಪಾತಿಗಳ ಲೆಕ್ಕ ಬೇಕು.

ಕನ್ನಡ ಮಾಧ್ಯಮದ ಮಕ್ಕಳಿಗೆ ಪಿಯುಸಿ ವಿಜ್ಞಾನದಲ್ಲಿ ಕಷ್ಟವಾಗುವುದು ಲೆಕ್ಕಕ್ಕಿಂತ ಹೆಸರುಗಳಿಂದ. ಎಸ್ಸೆಸ್ಸೆಲ್ಸಿ ರಜೆಯಲ್ಲೇ ಒಂದು ಸಣ್ಣ ನೋಟ್‌ಬುಕ್ ಮಾಡಿಸಿ. ಬಹುಪದೋಕ್ತಿ ಅಂದರೆ ಪಾಲಿನಾಮಿಯಲ್, ಶೋಧಕ ಅಂದರೆ ಡಿಸ್ಕ್ರಿಮಿನೆಂಟ್, ಸಮಾಂತರ ಶ್ರೇಢಿ ಅಂದರೆ ಅರಿತ್‌ಮೆಟಿಕ್ ಪ್ರೋಗ್ರೆಷನ್, ಮಧ್ಯಾಂಕ ಮೀಡಿಯನ್, ಬಹುಲಕ ಮೋಡ್, ಸಂಭವನೀಯತೆ ಪ್ರಾಬಬಿಲಿಟಿ. ಐವತ್ತು ಪದ ಆದರೆ ಮೊದಲ ತಿಂಗಳ ಭಯ ಹೋಗುತ್ತದೆ.

ಮಳೆಗಾಲದ ಏರ್ಪಾಡು

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಬರುತ್ತದೆ, ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಅದಕ್ಕೂ ಮೊದಲೇ ಹೋಗುತ್ತದೆ. ಆನ್‌ಲೈನ್ ಪಾಠವನ್ನೇ ನಂಬಿ ಕೂರಬೇಡಿ. ಮಾದರಿ ಪ್ರಶ್ನೆಪತ್ರಿಕೆಗಳನ್ನು ಮೇ ತಿಂಗಳಲ್ಲೇ ಪ್ರಿಂಟ್ ತೆಗೆಸಿಡಿ. ಚಾರ್ಜ್ ಆಗುವ ದೀಪ ಒಂದಿರಲಿ. ಟ್ಯೂಷನ್ ಗೊತ್ತು ಮಾಡುವ ಮೊದಲು ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿಕೊಡ್ತಾರೆ ಎಂದು ಕೇಳುವ ಜೊತೆಗೆ ನಿಮ್ಮ ಊರಿಗೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದೂ ಕೇಳಿ. ಮಗನನ್ನು ಹಾಕಿದ ಮೊದಲ ಟ್ಯೂಷನ್ ಬಿಡಿಸಿದ್ದು ಆ ಬಸ್ಸಿನಿಂದಾಗಿಯೇ.