ಹೊರಬಿದ್ದ ಹುಡುಗನಿಗೆ ಆರು ವಾರ: ಎರಡನೇ ಅವಕಾಶವನ್ನು ನಾವು ತೂಗುವ ಬಗೆ

ಚೆನ್ನಾಗಿ ಆಡುವ ಹುಡುಗ ತಂಡದಿಂದ ಹೊರಬಿದ್ದು, ಒಂದೆರಡು ತಿಂಗಳ ಮೇಲೆ ಮತ್ತೆ ಬಂದು ಮೈದಾನದ ಗೆರೆಯಾಚೆ ನಿಂತನೆಂದರೆ ಕ್ಲಬ್ಬಿನಲ್ಲಿ ಎರಡು ಮಾತು ಏಳುತ್ತವೆ. "ಅಂಥ ಕಾಲು ನಮ್ಮಲ್ಲಿ ಯಾರಿಗದ? ಕರ್ಕೊಳ್ರೀ ಸರ್" ಅನ್ನುವುದು ಒಂದು. "ಒಮ್ಮೆ ಕೈಕೊಟ್ಟಾನ, ಮತ್ತೂ ಕೊಡ್ತಾನ" ಅನ್ನುವುದು ಇನ್ನೊಂದು. ಎರಡೂ ಊಹೆ. ಕಲಬುರಗಿಯಲ್ಲಿ 13ರಿಂದ 19 ವಯಸ್ಸಿನ ಹುಡುಗರ ಫುಟ್‌ಬಾಲ್ ತಂಡ ನಡೆಸುತ್ತ ನಾನು ಈ ಪ್ರಶ್ನೆಯನ್ನು ಮಾತಿನಲ್ಲಿ ಮುಗಿಸುವುದನ್ನು ಬಿಟ್ಟು, ಆರು ವಾರದ ಒಂದು ಕ್ರಮಕ್ಕೆ ಒಪ್ಪಿಸಿದ್ದೇನೆ. ಸಣ್ಣ ಊರಿನಲ್ಲಿ ತಂಡ ನಡೆಸುವವರಿಗೆ ಉಪಯೋಗವಾದೀತು ಎಂದು ಅದನ್ನು ಬರೆಯುತ್ತಿದ್ದೇನೆ.

ಇಷ್ಟು ಕಷ್ಟ ಯಾಕೆ ಪಡಬೇಕು ಎಂದರೆ, ನಮ್ಮ ಕಡೆ ಮೆಟ್ಟಿಲುಗಳು ಕಡಿಮೆ. ಇಂಗ್ಲೆಂಡಿನ ಆಟಗಾರ ಜೇಮಿ ವಾರ್ಡಿಯನ್ನು ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ 16ನೇ ವಯಸ್ಸಿಗೆ ಕೈಬಿಟ್ಟಾಗ, ಅದೇ ಊರ ಹತ್ತಿರ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಕೆಳಹಂತದ ಕ್ಲಬ್ ಇತ್ತು. ಅಲ್ಲಿಂದ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್ ದಾಟಿ 2012ರಲ್ಲಿ ಅವರು ಲೆಸ್ಟರ್ ಸಿಟಿ ಸೇರಿದರು; 2016ರಲ್ಲಿ ಆ ತಂಡ ಅಲ್ಲಿನ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗ್ ಗೆದ್ದಿತು. ಬೆಂಗಳೂರಿನಲ್ಲೂ ಸೂಪರ್, ಎ, ಬಿ, ಸಿ ಎಂದು ಡಿವಿಜನ್‌ಗಳಿವೆ. ಒಂದು ಕಡೆ ಬಿಟ್ಟವನಿಗೆ ಇನ್ನೊಂದು ಕಡೆ ಜಾಗ ಸಿಕ್ಕೀತು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕ್ಲಬ್ಬಿನಿಂದ ಹೊರಗೆ ಹೋದ ಹುಡುಗ ಬಹುಪಾಲು ಆಟದಿಂದಲೇ ಹೊರಗೆ ಹೋಗುತ್ತಾನೆ. ಹಾಗಾಗಿ ನಮ್ಮ ಒಂದು 'ಬೇಡ'ಕ್ಕೆ ಅಲ್ಲಿನ ಹತ್ತು 'ಬೇಡ'ದಷ್ಟು ಭಾರ.

ಮೊದಲ ಕೆಲಸ ಹಾಜರಿ ವಹಿ ತೆಗೆಯುವುದು. ನಾವು ಉದ್ದನೆಯ ಸಾದಾ ವಹಿಯಲ್ಲಿ ಮೂರೇ ಕಾಲಂ ಇಡುತ್ತೇವೆ: ತಾರೀಖು, ಹುಡುಗ ಮುಟ್ಟಿದ ಹೊತ್ತು, ಬಾರದಿದ್ದರೆ ಅವನೇ ಹೇಳಿದ ಕಾರಣ, ಅವನ ಮಾತಿನಲ್ಲೇ. ಬಿಟ್ಟುಹೋಗುವ ಮುಂಚಿನ 60 ದಿನ ತಿರುವಿ ಹಾಕಿದರೆ ಒಂದು ಚಹರೆ ಕಾಣುತ್ತದೆ. ಡಿಸೆಂಬರ್-ಜನವರಿಯಲ್ಲಿ ಸಾಲಾಗಿ ಖಾಲಿ ಇದ್ದರೆ ಮನೆಯವರ ಜೊತೆ ತೊಗರಿ ರಾಶಿಗೆ ಹೋಗಿರುತ್ತಾನೆ. ಮಾರ್ಚ್ ಆದರೆ ಪರೀಕ್ಷೆ. ಸೋಮವಾರ ಮಾತ್ರ ತಪ್ಪಿದ್ದರೆ ಭಾನುವಾರ ರಾತ್ರಿ ಅಡುಗೆ ಕೆಲಸಕ್ಕೋ, ಲೈಟಿನ ಬೆಳಕಿನ ಟೂರ್ನಮೆಂಟಿನಲ್ಲಿ ಬೇರೆ ತಂಡಕ್ಕೆ ದುಡ್ಡಿಗೆ ಆಡಲಿಕ್ಕೋ ಹೋಗಿದ್ದಾನೆ ಎಂದು ತಿಳಿಯಬಹುದು. ಪಂದ್ಯದ ನಡುವೆ ಹೊರಗೆ ಕರೆಸಿಕೊಂಡ ಮರುದಿನದಿಂದ ನಿಂತಿದ್ದರೆ ಅದು ಮನಸ್ಸಿನ ನೋವು. 'ಶಿಸ್ತಿಲ್ಲ' ಎನ್ನುವ ಒಂದೇ ಹಣೆಪಟ್ಟಿಯ ಕೆಳಗೆ ಇವೆಲ್ಲ ಒಟ್ಟಿಗೆ ಮುಚ್ಚಿಹೋಗುತ್ತವೆ. ಒಂದೊಂದಕ್ಕೂ ಮದ್ದು ಬೇರೆ.

ಅದೇ ಹಾಳೆಯ ಹಿಂದುಗಡೆ ಕ್ಲಬ್ಬಿನ ಪಾಲು ಬರೆಯುತ್ತೇವೆ. ಕೊನೆಯ ಐದು ಪಂದ್ಯದಲ್ಲಿ ಅವನಿಗೆ ಎಷ್ಟು ನಿಮಿಷ ಸಿಕ್ಕಿತು? ಕೈಬಿಟ್ಟ ಕಾರಣ ಅವನಿಗೆ ಹೇಳಿದ್ದೆವೋ, ಬೇರೆಯವರ ಬಾಯಿಂದ ತಿಳಿಯಿತೋ? ಎಲ್ಲರ ಮುಂದೆ ಬೈದಿದ್ದೆವೋ? ಆಡುವ ಜಾಗ ಬದಲಿಸಿ ಅದನ್ನು ಕಲಿಸದೆ ಬಿಟ್ಟಿದ್ದೆವೋ? ಈ ಪುಟ ಖಾಲಿ ಉಳಿದದ್ದು ನಾನು ನೋಡಿಲ್ಲ. ಹುಡುಗನೊಬ್ಬನೇ ಬದಲಾಗಬೇಕು, ಕ್ಲಬ್ ಇದ್ದ ಹಾಗೇ ಇರುತ್ತದೆ ಎಂದರೆ ಅದು ಅವಕಾಶವಾಗುವುದಿಲ್ಲ. ಹಳೆಯ ಜಗಳವೇ ಮುಂದಿನ ತಿಂಗಳಿಗೆ ಹೋಗುತ್ತದೆ.

13ರಿಂದ 15ರ ನಡುವಿನ ಹುಡುಗನಾದರೆ ಎತ್ತರ ಅಳೆಯದೆ ಯಾವ ಮಾತೂ ಆಡಬಾರದು. ಬೆಳವಣಿಗೆ ಜೋರಾಗಿರುವ ವರ್ಷದಲ್ಲಿ ಹುಡುಗರು 8ರಿಂದ 10 ಸೆಂಟಿಮೀಟರ್ ಏರುತ್ತಾರೆ. ಕಾಲು ಉದ್ದವಾಗುತ್ತದೆ, ಸ್ನಾಯು ಅದರ ಜೊತೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು. ಹೋದ ವರ್ಷ ಕಾಲಿಗೆ ಅಂಟಿದಂತೆ ಚೆಂಡು ಒಯ್ಯುತ್ತಿದ್ದವನು ಈಗ ಮೊದಲ ಟಚ್‌ನಲ್ಲೇ ಒಂದು ಗಜ ದೂರ ಬಿಡುತ್ತಾನೆ, ತಿರುಗುವಾಗ ಮುಗ್ಗರಿಸುತ್ತಾನೆ. ನೋಡಿದವರು 'ಮೈಗಳ್ಳನಾದ' ಅನ್ನುತ್ತಾರೆ. ಮೂರು ತಿಂಗಳಿಗೊಮ್ಮೆ, ಬೂಟು ಕಳಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ದಪ್ಪ ಪುಸ್ತಕ ಸಮತಟ್ಟಾಗಿ ಇಟ್ಟು ಗುರುತು ಹಾಕಿ. ಯಾವಾಗಲೂ ಬೆಳಗ್ಗೆಯೇ ಅಳೆಯಬೇಕು. ಸಂಜೆಗೆ ಬೆನ್ನುಮೂಳೆ ಕುಗ್ಗಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬರುತ್ತದೆ. ಮೂರು ತಿಂಗಳಲ್ಲಿ 2 ಸೆಂಟಿಮೀಟರ್ ದಾಟಿದ್ದರೆ ಅವನ ಆಟದ ಬಗ್ಗೆ ತೀರ್ಪು ಮುಂದೂಡುತ್ತೇವೆ. ಮೊಣಕಾಲ ಚಿಪ್ಪಿನ ಕೆಳಗೆ ಮೂಳೆ ಉಬ್ಬಿ ಒತ್ತಿದರೆ ನೋವು, ಇಲ್ಲವೇ ಹಿಮ್ಮಡಿಯ ಹಿಂಬದಿಯಲ್ಲಿ ನೋವು ಇದ್ದರೆ ಅದೂ ಹೆಚ್ಚಾಗಿ ಈ ಬೆಳವಣಿಗೆಯದೇ. ಅಂಥವನಿಗೆ ಜಿಗಿತ ಮತ್ತು ಜೋರಿನ ಕಿಕ್ ಕಡಿಮೆ ಮಾಡಬೇಕು, ಮೂಳೆ ಡಾಕ್ಟರಿಗೆ ತೋರಿಸಬೇಕು.

ಹುಟ್ಟಿದ ತಿಂಗಳನ್ನೂ ನೋಡುತ್ತೇವೆ. ವಯಸ್ಸಿನ ಗೆರೆ ಜನವರಿ 1ಕ್ಕೆ ಬೀಳುವ ಕಡೆ ಡಿಸೆಂಬರಿನಲ್ಲಿ ಹುಟ್ಟಿದವನು ಜನವರಿಯವನಿಗಿಂತ ಹೆಚ್ಚೂಕಡಿಮೆ ಒಂದು ವರ್ಷ ಚಿಕ್ಕವ. 14ರಲ್ಲಿ ಅದು ದೊಡ್ಡ ಅಂತರ.

ಇಷ್ಟಾದ ಮೇಲೆ ಮಾತುಕತೆ. ಹುಡುಗ, ಮನೆಯ ಒಬ್ಬ ಹಿರಿಯರು, ನಾನು. ಮೂವರೇ, ಇಪ್ಪತ್ತು ನಿಮಿಷ, ಮೈದಾನದಿಂದ ದೂರ. ತಾಯಿ ಬಂದರೆ ಒಳ್ಳೆಯದು. "ಅವ್ವಾರ, ಇವ ಸಂಜೀಕ್ ಎಷ್ಟ್ ಗಂಟೆಗೆ ಮನೀಗ್ ಬರ್ತಾನ್ರೀ?" ಎಂಬ ಒಂದು ಪ್ರಶ್ನೆಯಲ್ಲಿ ಎಷ್ಟೋ ವಿಷಯ ಹೊರಬೀಳುತ್ತದೆ. ಕರಾರು ಮೂರಕ್ಕಿಂತ ಹೆಚ್ಚು ಬೇಡ, ಮೂರೂ ಎಣಿಸಲಿಕ್ಕೆ ಬರುವಂತಿರಬೇಕು. 'ಶಿಸ್ತಿನಿಂದ ಇರತಕ್ಕದ್ದು' ಎಂದು ಬರೆದರೆ ಅದನ್ನು ಮುರಿದನೋ ಇಲ್ಲವೋ ಯಾರೂ ಹೇಳಲಾರರು. ನಾವು ಬರೆಯುವುದು ಹೀಗೆ: ಬೆಳಗ್ಗೆ 5:45ಕ್ಕೆ ಬೂಟು ಕಟ್ಟಿ ಗೆರೆ ಮೇಲೆ ಇರಬೇಕು, ಬರಲಾಗದಿದ್ದರೆ ಹಿಂದಿನ ರಾತ್ರಿ 9ರೊಳಗೆ ಫೋನ್ ಮಾಡಬೇಕು, ಬೇರೆ ಕಡೆ ಆಡುವುದಿದ್ದರೆ ಮುಂಚೆ ತಿಳಿಸಬೇಕು. ಕೆಳಗೆ ಕ್ಲಬ್ಬಿನ ಕರಾರೂ ಒಂದಿರುತ್ತದೆ, ಅವನ ಹಾಳೆಯ ಹಿಂಬದಿಯಿಂದ ತೆಗೆದದ್ದು. ಮನೆಯಲ್ಲಿ ಉರ್ದು ಓದುವವರಿದ್ದರೆ ಉರ್ದುವಿನಲ್ಲೂ ಬರೆಸುತ್ತೇವೆ. ದುಡ್ಡಿಗೆ ಆಡಿದ್ದನ್ನು ನಾನು ಅಪರಾಧ ಎನ್ನುವುದಿಲ್ಲ. ಮನೆಗೆ ಐನೂರು ರೂಪಾಯಿ ಬೇಕಿರುವ ಹುಡುಗನಿಗೆ ಅದನ್ನು ನಿಷೇಧಿಸಿದರೆ ಅವನು ಸುಳ್ಳು ಹೇಳಲು ಕಲಿಯುತ್ತಾನೆ ಅಷ್ಟೇ. ನನಗೆ ಗೊತ್ತಿದ್ದರೆ ಮರುದಿನದ ಓಟ ಕಡಿಮೆ ಮಾಡಬಹುದು.

ಆರು ವಾರ ಶುರುವಾಗುವ ದಿನ ಆರಿಸುವಾಗ ಎಚ್ಚರ ಬೇಕು. ಪರೀಕ್ಷೆಯ ತಿಂಗಳು, ತೊಗರಿ ರಾಶಿಯ ತಿಂಗಳು, ಉಪವಾಸ ಇರುವ ಹುಡುಗನಿಗೆ ರಂಜಾನ್ ತಿಂಗಳು, ಇವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೈನಲ್ ಹತ್ತಿರ ಬಂತೆಂದು ಕರೆಯುವುದಂತೂ ಇಲ್ಲವೇ ಇಲ್ಲ. ಅಗತ್ಯಕ್ಕೆ ಕರೆಸಿಕೊಂಡವನಿಗೆ ಕರಾರು ಬರೀ ಬಾಯಿಮಾತು ಎಂದು ಮೊದಲ ದಿನವೇ ತಿಳಿದುಹೋಗುತ್ತದೆ.

ಮೊದಲ ಎರಡು ವಾರ ವಾರಕ್ಕೆ 3 ದಿನ, ಆಮೇಲೆ 4 ದಿನ. ಒಟ್ಟು 22 ಸಲ. ಮೊದಲ ವಾರ 45 ನಿಮಿಷ, ಎರಡನೆಯದು 60, ಮೂರನೆಯದು 75, ನಾಲ್ಕರಿಂದ ಪೂರ್ತಿ. ಎರಡು ವಾರ ಪಂದ್ಯ ಇಲ್ಲ. ಇದು ಶಿಕ್ಷೆ ಎಂದು ಹುಡುಗರು ತಿಳಿಯುತ್ತಾರೆ, ಆದ್ದರಿಂದ ಕಾರಣ ಬಿಡಿಸಿ ಹೇಳಬೇಕು: ಎರಡು ತಿಂಗಳು ಕೂತವನ ಉಸಿರು ಬೇಗ ಮರಳುತ್ತದೆ, ತೊಡೆಯ ಹಿಂಬದಿಯ ಸ್ನಾಯು ಅಷ್ಟು ಬೇಗ ಮರಳುವುದಿಲ್ಲ. ದಮ್ಮು ಬಂತೆಂದು ಜೋರಾಗಿ ಓಡಿದವನು ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಂಡು ಕೂರುತ್ತಾನೆ. ಹಾಗಾಗಿ ಮೊದಲೆರಡು ವಾರ ಮುಕ್ಕಾಲು ವೇಗಕ್ಕಿಂತ ಮೇಲೆ ಬಿಡುವುದಿಲ್ಲ; ಮೂರನೇ ವಾರದಿಂದ 20 ಮೀಟರಿನ ಪೂರ್ತಿ ಓಟ ಆರು ಸಲ, ನಡುವೆ ಒಂದೂವರೆ ನಿಮಿಷ ನಡಿಗೆ.

ನಮ್ಮ ಎರೆ ಮಣ್ಣನ್ನೂ ಲೆಕ್ಕದಲ್ಲಿ ಇಡಬೇಕು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಪಾದ ಸಿಕ್ಕರೆ ಕಾಲಿನ ಹರಡು ತಿರುಚುತ್ತದೆ. ಸಣ್ಣ ಗರಸು ಜರಡಿ ಹಿಡಿದು ತುಂಬಿ, ನೀರು ಹೊಡೆದು ತುಳಿಯಬೇಕು. ಮಳೆ ಬಿದ್ದ ಮರುದಿನ ಬೂಟಿಗೆ ಮಣ್ಣು ಮೆತ್ತಿ ಭಾರವಾಗುತ್ತದೆ, ಅಂದು ಓಟದ ಪರೀಕ್ಷೆ ಬೇಡ. ಏಪ್ರಿಲ್-ಮೇ ಬಿಸಿಲು 42 ಡಿಗ್ರಿ ಮುಟ್ಟುವ ದಿನಗಳಲ್ಲಿ 7:15ರೊಳಗೆ ಮುಗಿಸುತ್ತೇವೆ. ಅಭ್ಯಾಸದ ಮುಂಚೆ, ನಂತರ ತೂಕ ನೋಡುವುದು ಒಳ್ಳೆಯ ರೂಢಿ. 50 ಕಿಲೋ ಹುಡುಗ ಒಂದು ಕಿಲೋ ಇಳಿದಿದ್ದರೆ ಮೈಯ ನೂರಕ್ಕೆ ಎರಡು ಪಾಲು ನೀರು ಹೋಗಿದೆ, ಕಾಲು ಸೋಲುವುದು ಅಲ್ಲಿಂದಲೇ. ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈ ಅಂದಾಜಿನಲ್ಲಿ ಹಾಕಬೇಡಿ.

ಓಟದ ಪರೀಕ್ಷೆ ಎರಡೇ ಸಲ, ಮೊದಲ ವಾರದ ಕೊನೆಗೊಮ್ಮೆ ಹಗುರಾಗಿ, ಆರನೇ ವಾರದಲ್ಲಿ ಪೂರ್ತಿಯಾಗಿ. ಯೋ-ಯೋ ಪರೀಕ್ಷೆಯ ಮೊದಲ ಹಂತಕ್ಕೆ 20 ಮೀಟರ್ ದೂರದಲ್ಲಿ ಎರಡು ಕೋನ್, ಹಿಂದೆ 5 ಮೀಟರಿಗೆ ಇನ್ನೊಂದು. ಧ್ವನಿಮುದ್ರಿಕೆಯ ಬೀಪ್‌ಗೆ ಸರಿಯಾಗಿ ಹೋಗಿ ಬರುವುದು, 10 ಸೆಕೆಂಡ್ ಹಿಂದಿನ ಕೋನ್ ಸುತ್ತಿ ಬರುವುದು. ಎರಡು ಸಲ ಬೀಪ್ ತಪ್ಪಿದರೆ ಮುಗಿಯಿತು. ವೇಗ ಗಂಟೆಗೆ 10 ಕಿಲೋಮೀಟರಿನಿಂದ ಶುರುವಾಗಿ ಏರುತ್ತ ಹೋಗುತ್ತದೆ. ಹೆಜ್ಜೆ ಲೆಕ್ಕದಲ್ಲಿ 20 ಮೀಟರ್ ಹಾಕುವವರು ಬಹಳ. ಟೇಪ್ ಹಿಡಿಯದಿದ್ದರೆ ಅಂಕಿಗೆ ಬೆಲೆ ಇಲ್ಲ. 30 ಮೀಟರ್ ಓಟಕ್ಕೆ ಒಬ್ಬರೇ ಸ್ಟಾಪ್‌ವಾಚ್ ಹಿಡಿಯಬೇಕು. ಮೂರು ಓಟ, ನಡುವೆ 3 ನಿಮಿಷ, ಮಧ್ಯದ ಅಂಕಿ. ಬೆರಳಿನಲ್ಲೇ 0.2 ಸೆಕೆಂಡ್ ಹೆಚ್ಚುಕಡಿಮೆ ಆಗುವುದರಿಂದ 0.1 ಸುಧಾರಿಸಿದ ಎಂದು ಸಂಭ್ರಮಿಸುವ ಹಾಗಿಲ್ಲ. ಅಂಕಿಯನ್ನು ಅವನ ಹಳೆಯ ಅಂಕಿಯ ಜೊತೆ ಮಾತ್ರ ಇಟ್ಟು ನೋಡುತ್ತೇವೆ.

ನಿಜವಾದ ನಿರ್ಧಾರ ನಡೆಯುವುದು ಚೆಂಡಿನ ಜೊತೆ. 30 ಗುಣಿಸು 20 ಮೀಟರಿನ ಅಂಕಣದಲ್ಲಿ ನಾಲ್ವರು-ನಾಲ್ವರು, 4 ನಿಮಿಷದ ನಾಲ್ಕು ಆಟ, ನಡುವೆ 2 ನಿಮಿಷ ಬಿಡುವು. ಅವನನ್ನು ಬೇಕೆಂದೇ ದುರ್ಬಲ ತಂಡಕ್ಕೆ ಹಾಕುತ್ತೇವೆ. ಗೆಲ್ಲುವ ತಂಡದಲ್ಲಿ ಪ್ರತಿಭಾವಂತನ ಗುಣ ಕಾಣುವುದಿಲ್ಲ. ಪಕ್ಕದವ ಮೂರನೇ ಸಲ ಚೆಂಡು ಬಿಟ್ಟುಕೊಟ್ಟಾಗ ಇವನು ಕೈ ಎತ್ತಿ ಗೊಣಗುತ್ತಾನೋ, ಹಿಂದಕ್ಕೆ ಓಡುತ್ತಾನೋ ಎಂಬುದು ಕಾಣಬೇಕು. ಒಬ್ಬರು ಹಾಳೆ ಹಿಡಿದು ಅವನನ್ನೊಬ್ಬನನ್ನೇ ನೋಡಿ ಗೀಟು ಎಳೆಯುತ್ತಾರೆ. ಚೆಂಡು ಬರುವ ಮುಂಚೆ ಹೆಗಲ ಮೇಲಿಂದ ಹಿಂದೆ ನೋಡಿದ್ದು ಎಷ್ಟು ಸಲ. ಎದುರಾಳಿಯನ್ನು ದಾಟಲು ಹೋಗಿ ಕಳೆದುಕೊಂಡದ್ದು ಎಲ್ಲಿ: ಎದುರಾಳಿ ಗೋಲಿನ ಹತ್ತಿರ ಕಳೆದರೆ ನನಗೆ ಬೇಸರವಿಲ್ಲ, ಅಲ್ಲಿ ಧೈರ್ಯ ಬೇಕು, ನಮ್ಮ ಅರ್ಧದಲ್ಲಿ ಕಳೆದರೆ ಬೇರೆ ಗೀಟು. ಕಳೆದ ಮೇಲೆ 5 ಸೆಕೆಂಡಿನೊಳಗೆ ಮರಳಿ ಹಿಡಿಯಲು ಹೋದದ್ದು ಎಷ್ಟು. ಈ ಕೊನೆಯ ಗೀಟಿಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅದಕ್ಕೆ ಪ್ರತಿಭೆ ಬೇಕಾಗಿಲ್ಲ, ಮನಸ್ಸು ಬೇಕು. ಮೂರನೇ ವಾರ ಹತ್ತರಲ್ಲಿ ಮೂರು ಇದ್ದದ್ದು ಆರನೇ ವಾರಕ್ಕೆ ಆರಾದರೆ ಹುಡುಗ ಮರಳಿ ಬಂದಿದ್ದಾನೆ ಎಂದು ಬರೆದುಕೊಳ್ಳುತ್ತೇನೆ.

ಜಾಗ ಬದಲಿಸಿ ನೋಡುವುದಕ್ಕೂ ಇದೇ ಹೊತ್ತು. ನಮ್ಮ ಜಿಲ್ಲೆಗಳು 1956ರವರೆಗೆ ಇದ್ದ ಹೈದರಾಬಾದ್ ರಾಜ್ಯದಿಂದಲೇ ಬಂದ ಸೈಯದ್ ಅಬ್ದುಲ್ ರಹೀಂ, ಮೊದಲು ಶಾಲಾ ಮಾಸ್ತರರಾಗಿದ್ದವರು, ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನೂ ಭಾರತ ತಂಡವನ್ನೂ ಬೆಳೆಸಿದರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಯಲ್ಲಿ ತಲೆಗೆ ಪೆಟ್ಟಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ಫೈನಲ್‌ನಲ್ಲಿ ಗೋಲು ಹೊಡೆಯುವ ಮುಂಚೂಣಿ ಜಾಗದಲ್ಲಿ ಆಡಿಸಿದರು. ದಕ್ಷಿಣ ಕೊರಿಯಾ ಎದುರು 2-1ರ ಗೆಲುವಿನಲ್ಲಿ ಒಂದು ಗೋಲು ಅವರದೇ. ತಲೆಗೆ ಪೆಟ್ಟಾದವರನ್ನು ಇಂದು ಹಾಗೆ ಆಡಿಸಬಾರದು, ಆದರೆ ಆಟಗಾರನನ್ನು ಅವನ ಹಳೆಯ ಜಾಗದ ಆಚೆ ಕಾಣುವ ಕಣ್ಣು ಕಲಿಯಬೇಕಾದದ್ದು. ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ, ಸೋತ ಹುಡುಗ ಮಧ್ಯದಲ್ಲಿ, ಆಟವನ್ನು ಎದುರಿಗೆ ಇಟ್ಟುಕೊಂಡು ಆಡುವಾಗ ಬೇರೆಯವನೇ ಆಗಬಹುದು. ಎರಡು ವಾರವಾದರೂ ಕೊಟ್ಟು ನೋಡಬೇಕು.

ಉಳಿದ ಹುಡುಗರ ಪ್ರಶ್ನೆ ದೊಡ್ಡದು. ದಿನಾ ಬಂದವನ ಜಾಗ ಹೊರಗಿಂದ ಬಂದವನಿಗೆ ಒಮ್ಮೆಲೇ ಹೋಗಬಾರದು. ಮೂರನೇ, ನಾಲ್ಕನೇ ವಾರದ ಪಂದ್ಯದಲ್ಲಿ ಕೊನೆಯ 20 ನಿಮಿಷ ಮಾತ್ರ. ನಾಯಕನನ್ನು ಒಂಟಿಯಾಗಿ ಕೇಳುತ್ತೇನೆ. ತಂಡದಲ್ಲಿ ಕೈ ಎತ್ತಿಸಿ ಮತ ಹಾಕಿಸಬೇಡಿ. ಓಣಿ ಓಣಿಯ ಗೆಳೆತನಕ್ಕೆ ಮತ ಬೀಳುತ್ತದೆ, ಸೋತ ಗುಂಪು ವರ್ಷವಿಡೀ ಮುಖ ತಿರುಗಿಸಿಕೊಂಡಿರುತ್ತದೆ.

ಕಾಗದಪತ್ರ ಇದೇ ಆರು ವಾರದಲ್ಲಿ ಮುಗಿಯಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಆನ್‌ಲೈನ್ ನೋಂದಣಿಯಲ್ಲಿ ಅವನು ಬೇರೆ ಕ್ಲಬ್ಬಿನ ಹೆಸರಲ್ಲಿದ್ದರೆ ವರ್ಗಾವಣೆ ಆಗದೆ ಆಡಿಸುವಂತಿಲ್ಲ. ಆಧಾರ್, ಜನ್ಮ ಪತ್ರ, ಶಾಲೆಯ ಟಿಸಿ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ; ನಮ್ಮ ಕಡೆ ಅಪ್ಪನ ಹೆಸರು, ಮನೆತನದ ಹೆಸರು ಹಿಂದುಮುಂದಾಗಿ ಅರ್ಧ ಅರ್ಜಿಗಳು ಅಲ್ಲೇ ನಿಲ್ಲುತ್ತವೆ. ವಯಸ್ಸು ತಿದ್ದಿದ್ದರೆ ಎಡ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಸಿಕ್ಕಿಬೀಳಬಹುದು.

ವಯಸ್ಸಿನ ಮೋಸ, ರೆಫರಿ ಮೇಲೆ ಕೈ ಮಾಡಿದ್ದು, ಚಿಕ್ಕ ಹುಡುಗರನ್ನು ಹೊಡೆದದ್ದು ಇದ್ದರೆ ನಾವು ಆರು ವಾರ ಶುರು ಮಾಡುವುದೇ ಇಲ್ಲ. ಮಿಕ್ಕವರಲ್ಲಿ 22ರಲ್ಲಿ 19 ಹಾಜರಿ ಬೇಕು; ಮುಂಚೆ ಫೋನ್ ಮಾಡಿ ತಪ್ಪಿಸಿದ್ದನ್ನು ಗೈರು ಎಂದು ಹಿಡಿಯುವುದಿಲ್ಲ. ಆಟ ಎಷ್ಟೇ ಹೊಳೆದರೂ 15 ಬಂದವನಿಗೆ ಆಗಲಿಲ್ಲ ಎಂದೇ ಹೇಳುತ್ತೇವೆ, ಎದುರು ಕೂರಿಸಿಕೊಂಡು, ಮನೆಯವರ ಮುಂದೆ, ಅವನ ಅಂಕಿಗಳ ಹಾಳೆ ಅವನ ಕೈಗೆ ಕೊಟ್ಟು. ಬೇರೆ ಕ್ಲಬ್ ಕೇಳಿದರೆ ಆ ಹಾಳೆ ಅವನಿಗೆ ಉಪಯೋಗಕ್ಕೆ ಬರುತ್ತದೆ. ಭಾನುವಾರದ ಚಿಕ್ಕ ಮಕ್ಕಳ ಅಭ್ಯಾಸಕ್ಕೆ ಬಂದು ಸಹಾಯ ಮಾಡುವ ಬಾಗಿಲು ತೆರೆದೇ ಇರುತ್ತದೆ.

ತೀರ್ಮಾನ ವಾರದ ನಡುವೆ, ಹಿಂದೆ ಮುಂದೆ ಮೂರು ದಿನ ಯಾವ ಪಂದ್ಯವೂ ಇಲ್ಲದ ದಿನ ತಿಳಿಸುತ್ತೇವೆ. ಹೌದು ಎಂದಾದರೆ ಅಂದೇ ಜೆರ್ಸಿ. ಹಳೆಯ ನಂಬರ್ ಈ ನಡುವೆ ಇನ್ನೊಬ್ಬ ಹುಡುಗನಿಗೆ ಹೋಗಿದ್ದರೆ ಅದು ಅವನದೇ ಆಗಿ ಉಳಿಯುತ್ತದೆ. ಮರಳಿ ಬಂದವನು ಉಳಿದ ನಂಬರುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ.